ಮೂರನೇ ಗೆರೆಯ ಆಸೆ

ಮಿಕ್ಸಿ ರಿಪೇರಿಯ ಡಾಕ್ಟರು ಯಂತ್ರಕ್ಕೆ ಕಿವಿಯಿಟ್ಟರೆಂದರೆ ಬೀದಿಯೇ ಉಸಿರು ಬಿಗಿಹಿಡಿಯುತ್ತಿತ್ತು. ಫ್ಯಾನಿನ ನರಳಾಟ ಕೇಳಿ ಅದರ ವಯಸ್ಸು ಹೇಳಿದರಂತೆ, ಇಸ್ತ್ರಿಪೆಟ್ಟಿಗೆಯ ಮೌನದಲ್ಲೇ ಕಾಯಿಲೆ ಹಿಡಿದರಂತೆ, ಕೆಟ್ಟು ಕೂತ ಗ್ರೈಂಡರೊಂದು ಅವರ ಕೆಮ್ಮು ಕೇಳಿಯೇ ತಿರುಗತೊಡಗಿತಂತೆ. ಕೊನೆಯದನ್ನು ಹಬ್ಬಿಸಿದವರು ಸ್ವತಃ ಡಾಕ್ಟರೇ.

ಇಂಥವರ ಮನೆಯಲ್ಲಿ ವೈಫೈ ನಡುಮನೆ ದಾಟುತ್ತಿರಲಿಲ್ಲ. ಹಿಂದಿನ ಕೋಣೆಯಿಂದ ಹೆಂಡತಿ ಹನ್ನೊಂದು ಮಂದಿಗೆ ಫೋನಿನ ವಿಡಿಯೋದಲ್ಲಿ ಹೊಲಿಗೆ ಪಾಠ ಹೇಳುತ್ತಿದ್ದರು. ಕಳೆದ ವಾರ ಕತ್ತರಿ ಎತ್ತಿದ ಭಂಗಿಯಲ್ಲೇ ಚಿತ್ರ ಕಲ್ಲಾಗಿ, ನಾಲ್ವರು ಪಾಠ ಬಿಟ್ಟರು. ಇವತ್ತು ಹತ್ತು ಗಂಟೆಗೆ ಅಂಗಿಯ ಕಾಲರ್ ಹೊಲಿಯುವ ಪಾಠ. ಇದೂ ಕೆಟ್ಟರೆ ಬೇರೆ ಟೀಚರನ್ನು ನೋಡಿಕೊಳ್ಳುತ್ತೇವೆಂದು ಉಳಿದ ಏಳು ಮಂದಿ ಹೇಳಿಯೇ ಬಿಟ್ಟಿದ್ದರು.

ಎಂಟು ಗಂಟೆಗೇ ಡಾಕ್ಟರು ಟೊಂಕ ಕಟ್ಟಿದರು. ರೌಟರನ್ನು ಕಪಾಟಿನ ಸಂದಿಯಿಂದ ಬಿಡಿಸಿ ಬಾಗಿಲಿನ ಮೇಲಕ್ಕೇರಿಸಿದರು. ಮೊಂಡು ಆಂಟೆನಾ ಬಿಚ್ಚಿ ಉದ್ದದ್ದನ್ನು ಕೂರಿಸಿದರು. ಬಿಸ್ಕತ್ತಿನ ಡಬ್ಬಿ ಸೀಳಿ, ರೌಟರಿನ ಬೆನ್ನಿಗೆ ತಗಡಿನ ಹೆಡೆ ಎತ್ತಿಸಿದರು. ಹಿಂದಿನ ಕೋಣೆಯ ಫೋನಿನಲ್ಲಿ ಸಿಗ್ನಲ್ಲಿನ ಎರಡು ಗೆರೆ ಮೂಡಿದವು!

"ಸಾಕು ರೀ, ಇಷ್ಟರಲ್ಲಿ ಪಾಠ ಆಗತ್ತೆ. ಇನ್ನು ಮುಟ್ಬೇಡಿ."

"ಮೂರನೇ ಗೆರೆ ಯಾರ್ ತರ್ತಾರೆ, ನಿಮ್ಮಣ್ಣನಾ?"

ಹಳೆಯ ಲ್ಯಾಪ್‌ಟಾಪಿಗೆ ವೈರು ಜೋಡಿಸಿ, ರೌಟರಿನೊಳಗೆ ಅದನ್ನು ನಡೆಸುವ ಹೊಸ ತಂತ್ರಾಂಶ, ಫರ್ಮ್‌ವೇರ್, ತುಂಬತೊಡಗಿದರು. ಅರ್ಧ ತುಂಬಿತ್ತು. ದೀಪಗಳೆಲ್ಲ ಆರಿ, ಕೆಂಪು ದೀಪವೊಂದೇ ಪಟಪಟ ಮಿನುಗಿತು. ಮೂವತ್ತು ವರ್ಷದ ಕಸುಬು ಕೈಗೆ ಕಲಿಸಿದ್ದು ಒಂದೇ: ಕೆಂಪು ಕಂಡರೆ, ಮೋಟರು ಸುಡುವ ಮೊದಲು ಪ್ಲಗ್ ಕೀಳು. ಕಿತ್ತರು. ಪರದೆಯ ಮೇಲಿದ್ದ 'ವಿದ್ಯುತ್ ತೆಗೆಯಬೇಡಿ' ಎಂಬುದನ್ನು ಆಮೇಲೆ ಓದಿದರು.

ಮತ್ತೆ ಚುಚ್ಚಿದರೆ ರೌಟರ್ ಕಮಕ್ ಕಿಮಕ್ ಎನ್ನಲಿಲ್ಲ. ಎರಡು ಗೆರೆಯೂ ಹೋಗಿ, ಗಂಟೆ ಹತ್ತಾಯಿತು.

"ಎದುರುಮನೇಗ್ ಹೋಗೋಣ, ಅವರಲ್ಲಿ ವೈಫೈ ಇದೆ" ಎಂದಷ್ಟೇ ಅಂದು ಹೆಂಡತಿ ಬಟ್ಟೆ, ಕತ್ತರಿ ಎತ್ತಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಟ್ಟೆ ಕತ್ತರಿಸುವ ಹಲಗೆ ಹೊತ್ತು ಡಾಕ್ಟರು ಹಿಂದೆ ನಡೆದರು. ಮುಖ ಮುಚ್ಚಿಕೊಳ್ಳಲು ಹಲಗೆ ಅನುಕೂಲವಾಗಿತ್ತು.

ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು ಬಾಗಿಲು ತೆರೆದರು. "ಬಾಮ್ಮ ತಂಗಿ, ಕೂತ್ಕೋ. ಏನ್ ಡಾಕ್ಟ್ರೇ, ಪೇಷಂಟು ಆಪರೇಷನ್ ಟೇಬಲ್ ಮೇಲೇ ಹೋಗ್ಬಿಟ್ಟಾ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಡಾಕ್ಟರಿಗೆ.

ಹತ್ತೂ ಇಪ್ಪತ್ತಕ್ಕೆ ಪರದೆಯಲ್ಲಿ ಏಳು ಮುಖ ಮೂಡಿದವು, ಏಳೂ ಗಂಟಿಕ್ಕಿಕೊಂಡು.

"ಕರೆಂಟ್ ಹೋಗಿತ್ತು ಕಣ್ರಮ್ಮ, ಏನ್ ಮಾಡ್ಲಿ" ಎಂದರು ಹೆಂಡತಿ, ಹಿಂದೆ ನಿಂತ ಗಂಡನ ಕಡೆ ನೋಡದೆ. ಎಂದೂ ಸುಳ್ಳಾಡದ ಬಾಯಿ. ಗಂಡನ ಮಾನ ಉಳಿಸಲು ಸುಳ್ಳಾಡುತ್ತಿದೆ ಎಂದು ಹೊಳೆದು ಡಾಕ್ಟರು ಕುಗ್ಗಿಹೋದರು.

"ನಾನು ನಿಮ್ ಹಿಂದಿನ ಬೀದೀಲೇ ಇರೋದು ಟೀಚರ್" ಎಂದಿತು ಒಂದು ಮುಖ. "ನಮ್ಮನೇಲಿ ಕರೆಂಟ್ ಇತ್ತಲ್ಲ? ದಿನಾ ಒಂದೊಂದು ನೆಪ ಹೇಳಿದ್ರೆ ನಾವ್ ಹೇಗ್ ಕಲಿಯೋದು?"

ಡಾಕ್ಟರು ಹಲಗೆ ಕೆಳಗಿಟ್ಟು, ಬಗ್ಗಿ, ಫೋನಿನ ಮುಂದೆ ಮುಖ ತಂದರು.

"ಕರೆಂಟ್ ಇತ್ತಮ್ಮ. ಪ್ಲಗ್ ಕಿತ್ತಿದ್ದು ನಾನು."