ರಾಗಿಕಲ್ಲಿನ ಸದ್ದಿನಲ್ಲಿ ಒಂದು ವರ್ಷದ ಶಾಲೆ

ಹೊಳೆನರಸೀಪುರದ ಪೇಟೆಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ನೀಲಾಂಬಿಕೆ ಹಿತ್ತಿಲ ಬಾಗಿಲಿಗೆ ಅಗಣಿ ಹಾಕುತ್ತಾರೆ, ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡುತ್ತಾರೆ, ಆಮೇಲೆ ರಾಗಿಕಲ್ಲಿನ ಮುಂದೆ ಕಾಲು ಚಾಚಿ ಕೂರುತ್ತಾರೆ. ಕಲ್ಲು ಗುರ್ರೆಂದು ತಿರುಗತೊಡಗಿದ ಮೇಲೇ ಬಾಯಿ ಬಿಡುವುದು. ಬರುವುದು ಬೀಸುವ ಪದವಲ್ಲ.

“ಒಂದು ಕೊಳ. ಉದ್ದ ನಲವತ್ತು ಗಜ, ಅಗಲ ಇಪ್ಪತ್ನಾಕು ಗಜ. ಸುತ್ತಾ ಎರಡು ಗಜದ ದಾರಿ ಮಾಡವ್ರೆ. ದಾರಿ ಎಷ್ಟು ಚದರ ಗಜ ಆಯ್ತು?”

ಹದಿನಾಲ್ಕರ ಶಾಂತಕುಮಾರಿ ಸ್ಲೇಟಿನ ಮೇಲೆ ಬಳಪ ಎಳೆಯುತ್ತಾಳೆ. “ಇನ್ನೂರೈವತ್ತಾರು ಕಣವ್ವ.”

“ನಾಕು ಮೂಲೆ ಯಾರು ನುಂಗಿದ್ರು?”

ಕಲ್ಲು ನಿಲ್ಲುವುದಿಲ್ಲ. ನಿಂತರೆ ಪಕ್ಕದ ಮನೆಗೆ ಮಾತು ಕೇಳುತ್ತದೆ.

ಈ ಮನೆಯಲ್ಲಿ ಕಳೆದ ವರ್ಷ ಹೀಗೆ ಇಬ್ಬರು ಹುಡುಗಿಯರು ಕೂತು ಓದಿದರು: ಶಾಂತಕುಮಾರಿ ಮತ್ತು ಅವಳಿಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ಪ್ರೇಮಕುಮಾರಿ. ಮೈನೆರೆದ ಮೇಲೆ ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮನೆಯಲ್ಲೇ ಓದಿಸಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಖಾಸಗಿಯಾಗಿ ಕೂರಿಸುತ್ತೇನೆಂದು ಎದ್ದುನಿಂತವರು ತಾಯಿ. ಬೆಳಿಗ್ಗೆ ಎರಡು ಗಂಟೆ, ಊಟದ ಪಾತ್ರೆ ತೊಳೆದ ಮೇಲೆ ಎರಡು ಗಂಟೆ. ಹಬ್ಬ, ಜ್ವರ, ನೆಂಟರು ಬಂದ ದಿನಗಳನ್ನೆಲ್ಲ ಕಳೆದರೆ ಇನ್ನೂರ ತೊಂಬತ್ತು ದಿನದ ಪಾಠ. ಯುದ್ಧದಿಂದ ಕಾಗದಕ್ಕೆ ಬರ. ಹಳೆಯ ಲಗ್ನಪತ್ರಿಕೆಗಳ ಬೆನ್ನಮೇಲೆ ಪ್ರಬಂಧ, ಉಗ್ರಾಣದ ಗೋಡೆಯ ಮೇಲೆ ಇದ್ದಿಲಿನ ಭೂಪಟ.

ತಮ್ಮ ವಿಷಯ ಪೇಪರಿನಲ್ಲಿ ಬರುತ್ತದೆಂದಾಗ ನೀಲಾಂಬಿಕೆಯ ಮುಖ ಬಿಗಿಯುತ್ತದೆ. “ಯಾರು ಕಳ್ಸಿದ್ರು ನಿಮ್ಮನ್ನ? ಅರಕಲಗೂಡಿನೋರಾ?” ಎಂದು ಕೇಳಿ, ಅಲ್ಲವೆಂದು ಎರಡು ಸಲ ಹೇಳಿಸಿಕೊಂಡ ಮೇಲೆ ಮಾತಿಗೆ ಬರುತ್ತಾರೆ.

ಅನುಮಾನ ಅವರಿಗೆ ತವರಿನಿಂದಲೇ ಬಂದದ್ದು. ತಂದೆ ಪರಮಶಿವಯ್ಯ ಶಾಂತಿಗ್ರಾಮದಲ್ಲಿ ಕೂಲಿಮಠದ ಮೇಷ್ಟ್ರು. ಮಗಳಿಗೆ ಕನ್ನಡ, ಲೆಕ್ಕ, ಒಂದಿಷ್ಟು ಇಂಗ್ಲಿಷನ್ನೂ ಕಲಿಸಿದರು. ಇದೇ ಪರೀಕ್ಷೆಗೆ ಒಂದು ತಿಂಗಳಿದ್ದಾಗ ಮದುವೆ ನಿಶ್ಚಯವಾಯಿತು. “‘ಮುಂದಿನ್ ವರ್ಷ ಕೂತ್ಕಂಡ್ರಾಯ್ತು ಬಿಡವ್ವ’ ಅಂದ್ರು ನಮ್ಮಪ್ಪ. ಆ ಮುಂದಿನ್ ವರ್ಷ ಇನ್ನೂ ಬಂದಿಲ್ಲ,” ಎನ್ನುತ್ತಾರೆ, ಹಿಟ್ಟು ಒಟ್ಟುಮಾಡುತ್ತ.

ಮೊದಲು ಮೂಗೆಳೆದವರು ಪಕ್ಕದ ಮನೆಯ ದೊಡ್ಡತಾಯಮ್ಮ. ಗದ್ದೆಕೆಲಸ ಮಾಡಿ ಬೆಳೆದ ಹೆಂಗಸು, ಲೆಕ್ಕ ತಪ್ಪುವವರಲ್ಲ. “ಎರಡು ಸೇರು ರಾಗಿಗೆ ಎರಡು ಗಂಟೆ ಕಲ್ಲು ತಿರುಗ್ತದಾ? ಆ ಮನೇಲಿ ಇನ್ನೇನೋ ಆಯ್ತಾ ಅದೆ,” ಎಂದು ನೀರಿನ ಕಟ್ಟೆಯಲ್ಲಿ ಆಡಿದರು. ಆಗ ಸ್ವಾತಂತ್ರ್ಯ ಚಳವಳಿಯ ಕಾವು ಪೂರ್ತಿ ಆರಿರಲಿಲ್ಲ. ಮಾತು ಬಾಯಿಂದ ಬಾಯಿಗೆ ಹೋಗಿ, ನೀಲಾಂಬಿಕೆಯ ಗಂಡ ಪಾಲಾಕ್ಷಯ್ಯನ ಮನೆಯಲ್ಲಿ ಹೆಂಗಸರು ಕರಪತ್ರ ಬರೆಯುತ್ತಾರೆ ಎಂದಾಯಿತು. ಒಂದು ದಿನ ಪೊಲೀಸ್ ದಫೇದಾರ ಬಂದೇಬಿಟ್ಟ. ಉಗ್ರಾಣದಲ್ಲಿ ಭೂಪಟ ಕಂಡು ಅವನ ಕಣ್ಣು ಅಗಲವಾಯಿತು.

“ಇದೇನಮ್ಮ, ಬರ್ಮಾಕ್ಕೆ ಚುಕ್ಕೆ ಇಟ್ಟಿದ್ದೀರಿ? ಜಪಾನಿನೋರಿಗೆ ದಾರಿ ತೋರ್ಸಕ್ಕಾ?”

“ಭತ್ತ ಬೆಳೆಯೋ ಕಡೆಗೆಲ್ಲ ಚುಕ್ಕೆ ಇಟ್ಟಿದ್ದೀನಿ ಸಾ. ನಮ್ಮ ಹೇಮಾವತಿ ಬಯಲಿಗೂ ಇಟ್ಟಿದ್ದೀನಿ, ನೋಡಿ.”

ದಫೇದಾರ ನಗಲಿಲ್ಲ. ಎರಡು ಲಗ್ನಪತ್ರಿಕೆಗಳನ್ನು ಜೇಬಿಗಿಟ್ಟುಕೊಂಡು ಹೋದ. ಒಂದರ ಹಿಂದೆ ಹಸುವಿನ ಮೇಲೆ ಪ್ರಬಂಧವಿತ್ತು. ಆಮೇಲೆ ಅವನ ಸುಳಿವಿಲ್ಲ. ಆದರೆ ತೆಂಗಿನಕಾಯಿ ವ್ಯಾಪಾರಿಯಾದ ಪಾಲಾಕ್ಷಯ್ಯನವರ ಎದೆಯೊಳಗೆ ಹೊಕ್ಕ ಭಯ ಹೊರಗೆ ಬರಲಿಲ್ಲ. ಅದೇ ಹೊತ್ತಿಗೆ ಅರಕಲಗೂಡಿನಿಂದ ಪ್ರೇಮಕುಮಾರಿಗೆ ಒಂದು ಸಂಬಂಧ ಬಂತು. ಒಳ್ಳೆಯ ಮನೆ, ನೀರಾವರಿ ಜಮೀನು. ಹುಡುಗಿ ಪರೀಕ್ಷೆ ಗಿರೀಕ್ಷೆ ಅಂತ ನಾಲ್ಕು ಜನರ ಮುಂದೆ ಕೂರಬಾರದು ಎಂಬುದೊಂದೇ ಅವರ ಮಾತು.

“ಇದಾಗಿ ಹದಿನೈದು ದಿನಕ್ಕೆ ಯಜಮಾನ್ರು ಮಲ್ಲಿಗೆ ಹೂ ತಂದ್ರು,” ಎಂದು ನೀಲಾಂಬಿಕೆ ನೆನೆಯುತ್ತಾರೆ. “ಹಬ್ಬ ಇಲ್ಲ, ಸೋಮವಾರ ಇಲ್ಲ. ನಾನು ಕೇಳ್ದೇನೇ ‘ಇಬ್ಬರ ಅರ್ಜೀನೂ ಹಾಸನಕ್ಕೆ ಕಳ್ಸಿದೆ’ ಅಂದ್ರು. ಅಂಗನ್ನೋವಾಗ ಸೂರು ನೋಡ್ತಿದ್ರು.”

ಎರಡು ದಿನ ನೀಲಾಂಬಿಕೆ ಕಾದು ನೋಡಿದರು. ರಶೀದಿ ಕೇಳಿದರೆ ಅಂಗಡಿಯಲ್ಲಿದೆ ಎಂಬ ಉತ್ತರ. ಅಂಗಡಿಯಲ್ಲಿ ಕೇಳಿಸಿದರೆ ಮನೆಗೆ ಒಯ್ದರು ಎಂಬ ಉತ್ತರ. ಮೂರನೆಯ ದಿನ ತವರಿನಲ್ಲಿ ತಾಯಿಗೆ ಹುಷಾರಿಲ್ಲವೆಂದು ಅತ್ತೆ ನಂಜಮ್ಮನಿಗೆ ಹೇಳಿ, ಪ್ರೇಮಳನ್ನು ಕರೆದುಕೊಂಡು ಇದ್ದಿಲಿನಿಂದ ಓಡುವ ಬಸ್ಸು ಹತ್ತಿದರು. ದಾರಿಯಲ್ಲಿ ಎರಡು ಕಡೆ ಇಳಿದು ನಿಂತು, ಉಸಿರು ಕಟ್ಟಿದ ಬಸ್ಸು ಮತ್ತೆ ಹೊಗೆಯುಗುಳುವುದನ್ನು ಕಾದು, ಹಾಸನ ಮುಟ್ಟುವಾಗ ಹನ್ನೆರಡು ದಾಟಿತ್ತು. ಶಾಂತಿಗ್ರಾಮದ ಬಸ್ಸು ಹಿಡಿಯಲಿಲ್ಲ. ನೇರವಾಗಿ ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ನಡೆದರು.

ಗುಮಾಸ್ತರು ಕಟ್ಟು ಬಿಚ್ಚಿ ನೋಡಿದರು. ಶಾಂತಕುಮಾರಿಯ ಹೆಸರಿತ್ತು. ಪ್ರೇಮಕುಮಾರಿಯದು ಇರಲಿಲ್ಲ.

“ಪ್ರೇಮ ನನ್ನ ಸೆರಗು ಹಿಡ್ಕಂಡು ‘ಬಾರವ್ವ, ಓಗಾನ’ ಅಂದ್ಲು. ಅವಳ ದನಿ ಕೇಳಿದ್ರೆ, ಇಪ್ಪತ್ತು ವರ್ಷದ ಇಂದೆ ನಾನೇ ಮಾತಾಡ್ದಂಗಾಯ್ತು.”

ಮಾರನೆಯ ದಿನವೇ ಕಡೆಯ ತಾರೀಕು. ನೀಲಾಂಬಿಕೆ ಹೊಸ ಅರ್ಜಿ ಕೇಳಿ ಪಡೆದು, ಅಲ್ಲೇ ಬೆಂಚಿನ ಮೇಲೆ ತುಂಬಿ ರುಜು ಹಾಕಿ ಕೊಟ್ಟರು. ಗುಮಾಸ್ತರು ಅಕ್ಷರ ನೋಡಿದರು, ಇವರ ಮುಖ ನೋಡಿದರು. “ಯಾರಮ್ಮ ಬರ್ಕೊಟ್ಟೋರು?” ಎಂದರು. ನೀಲಾಂಬಿಕೆ ಅವರ ಮೇಜಿನ ಮೇಲಿದ್ದ ಲೇಖನಿಯನ್ನೇ ಎತ್ತಿಕೊಂಡು ಇನ್ನೊಂದು ಕಾಗದದಲ್ಲಿ ಅದೇ ರುಜು ಹಾಕಿ ತೋರಿಸಿದರು.

“ಆದ್ರೂ ತಂದೆಯವ್ರ ರುಜು ಬೇಕಲ್ಲಮ್ಮ.”

“ಇಲ್ಲಿ ‘ತಂದೆ ಅಥವಾ ಪೋಷಕರು’ ಅಂತ ಅಚ್ಚಾಕವ್ರೆ ಸಾ. ‘ಅಥವಾ’ ಅಂದ್ರೇನು?”

ಗುಮಾಸ್ತರು ಆ ಸಾಲನ್ನು ತಾವೂ ಒಮ್ಮೆ ಓದಿದರು. ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತಿದ್ದರೂ ಅದನ್ನು ಹಾಗೆ ಓದಿದವರು ಎದುರಿಗೆ ಬಂದಿರಲಿಲ್ಲವೇನೋ. ಮೊಹರು ಹಾಕಿ ರಶೀದಿ ಹರಿದುಕೊಟ್ಟರು.

ಮನೆಗೆ ಬಂದವರೇ ರಶೀದಿಯನ್ನು ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟರು. ಪಾಲಾಕ್ಷಯ್ಯ ಬಹಳ ಹೊತ್ತು ಅದನ್ನು ನೋಡಿ, “ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?” ಎಂದರಂತೆ.

“ಇತ್ತು ಕಣ್ರೀ. ಎರಡು ದಿನ ಇತ್ತು.”

ಎಂಟು ದಿನ ಗಂಡಹೆಂಡಿರ ನಡುವೆ ಮಾತಿಲ್ಲ. ಅರಕಲಗೂಡಿನವರು ಬೇರೆ ಕಡೆ ಹೆಣ್ಣು ನೋಡಿಕೊಂಡರು. “ಕೈಗೆ ಬಂದದ್ದ ಒದ್ಬುಟ್ಟೆ ಕಣೆ ನೀಲಾ,” ಎಂದು ನಂಜಮ್ಮ ಇಂದಿಗೂ ಎತ್ತಿ ಆಡುತ್ತಾರೆ. ನೀಲಾಂಬಿಕೆ ಎದುರಾಡುವುದಿಲ್ಲ. “ಅತ್ತೆಮ್ಮನ ಮಾತು ಸುಳ್ಳಲ್ಲ. ಅದು ಒಳ್ಳೆ ಮನೇನೆ. ನಾನು ಮಾಡಿದ್ದು ಸರೀನೋ ತಪ್ಪೋ, ಪ್ರೇಮಂಗೆ ನಲವತ್ತಾದಾಗ ಅವಳನ್ನೇ ಕೇಳ್ಬೇಕು.”

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಪ್ರೇಮಕುಮಾರಿ ಪಾಸು. ಶಾಂತಕುಮಾರಿ ಲೆಕ್ಕದಲ್ಲಿ ಫೇಲು. ಪಟ್ಟಿಯನ್ನು ಅಂಗಡಿಯಲ್ಲಿ ಮೊದಲು ನೋಡಿದ ಪಾಲಾಕ್ಷಯ್ಯ ಅಂದು ಮಧ್ಯಾಹ್ನವೇ ಬಾಗಿಲು ಹಾಕಿಕೊಂಡು ಮನೆಗೆ ಬಂದು, ಹೆಂಡತಿಯ ಮುಖ ನೋಡದೆ, “ದೊಡ್ಡವಳದು ಆಯ್ತು. ಚಿಕ್ಕವಳಿಗೆ ಲೆಕ್ಕ ನಾನು ಏಳ್ಕೊಡ್ಲಾ?” ಎಂದು ಕೇಳಿದರಂತೆ. ನೀಲಾಂಬಿಕೆ ಬೇಡವೆಂದರು. ಯಾಕೆಂದು ಕೇಳಿದರೆ, “ಇನ್ನೊಂದು ವರ್ಷ ನೋಡಾನ,” ಎನ್ನುತ್ತಾರೆ. ತುಟಿಯಂಚಿನಲ್ಲಿ ನಗು ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ.

ಈಗ ಬೆಳಕು ಹರಿದಿದೆ. ಹಿತ್ತಿಲ ಬಾಗಿಲು ಬಡಿಯುವ ಸದ್ದಾಗುತ್ತದೆ. ನೀಲಾಂಬಿಕೆ ಸಂದಿಯಿಂದ ನೋಡಿ ಅಗಣಿ ತೆಗೆಯುತ್ತಾರೆ. ಬಂದವರು ದೊಡ್ಡತಾಯಮ್ಮ. ಕೈಯಲ್ಲಿ ಮೊರ, ಬೆನ್ನ ಹಿಂದೆ ಹನ್ನೆರಡರ ಮೊಮ್ಮಗಳು.

“ಇವಳ್ಗೂ ವಸಿ ಅಕ್ಸರ ಏಳ್ಕೊಡು ಕಣವ್ವ. ಬೇಕಾದ್ರೆ ರಾಗಿ ನಾನು ಬೀಸ್ತೀನಿ.”

ನೀಲಾಂಬಿಕೆ ಅಜ್ಜಿಯನ್ನು ನೋಡುತ್ತಾರೆ, ಮೊಮ್ಮಗಳನ್ನು ನೋಡುತ್ತಾರೆ, ಬೀದಿಯ ಕಡೆಗೂ ಒಮ್ಮೆ ಕಣ್ಣಾಡಿಸುತ್ತಾರೆ.

“ಬಿಟ್ಟು ಓಗಿ, ದೊಡ್ಡತಾಯಮ್ಮಾರೆ. ಆದ್ರೆ ಈಗ್ಲೇ ಏಳ್ಬುಡ್ತೀನಿ. ಪರೀಕ್ಷೆ ಬಂದಾಗ ಇವಳ ಅರ್ಜಿ ಟಪಾಲಿಗೆ ಆಕೋಳು ನಾನೇ.”