ಎಡಗಡೆ ಬಿದ್ದ ಹೂವು

ನಂದಿಬೆಟ್ಟದ ಹತ್ತಿರ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ವೆಂಕಟರಾಮಪ್ಪನವರ ಮನೆಯಲ್ಲಿ ಬಯ್ಯಪ್ಪ ಮೂವತ್ತೊಂದು ವರ್ಷದಿಂದ ಡ್ರೈವರ್. ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯವನು. ಮೊದಲು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಟೆಂಪೋದಲ್ಲಿ ಕ್ಲೀನರ್ ಆಗಿದ್ದ. ಓದು ಹತ್ತಲಿಲ್ಲ, ಉಳೋಣವೆಂದರೆ ನೆಲವಿರಲಿಲ್ಲ, ಆದರೆ ಸ್ಟೇರಿಂಗ್ ಹಿಡಿದ ಮೊದಲ ದಿನವೇ ಅದು ಅವನ ಮಾತು ಕೇಳಿತು. ಯಜಮಾನರ ಹಳೇ ಜೀಪು, ಅದಾದ ಮೇಲೆ ಬಂದ ಎರಡು ಡೀಸೆಲ್ ಗಾಡಿಗಳು, ಎಲ್ಲವನ್ನೂ ಓಡಿಸಿ ಓಡಿಸಿ ಮುದಿ ಮಾಡಿದವನು ಅವನೇ.

ಊರಿನಲ್ಲಿ ಅವನು 'ಡ್ರೈವರ್ ಬಯ್ಯಪ್ಪ'. ಲಗ್ನಪತ್ರಿಕೆ ಕೊಡಲು ಬಂದವರು ಕವರಿನ ಮೇಲೂ ಹಾಗೆಯೇ ಬರೆಯುತ್ತಿದ್ದರು. ಆ ಹೆಸರಿನಿಂದ ಡ್ರೈವರನ್ನು ತೆಗೆದರೆ ತನಗೆ ಏನು ಉಳಿಯುತ್ತದೆ ಎಂದು ಅವನು ಯೋಚಿಸಿದವನೇ ಅಲ್ಲ. ಹೋದ ಕಾರ್ತಿಕದಲ್ಲಿ ಯೋಚಿಸಬೇಕಾಗಿ ಬಂತು.

ಮನೆಗೆ ಹೊಸ ಕಾರು ಬರಬೇಕಿತ್ತು. ಮಗ ಮುರಳಿಮೋಹನನಿಗೆ ಕರೆಂಟಿನದು ಬೇಕು, ದೊಡ್ಡದು, ಐಷಾರಾಮಿಯದು. ಅಪ್ಪನಿಗೆ ಡೀಸೆಲ್ಲಿನದೇ ಆಗಬೇಕು, ನಾಲ್ಕು ಚಕ್ರಕ್ಕೂ ಎಳೆತ ಇರುವ ಆನೆಯಂಥ ಗಾಡಿ. ಎರಡನ್ನೂ ಓಡಿಸಿ ನೋಡಲಿ ಎಂದು ಶೋರೂಮಿನವರು ಒಂದೇ ವಾರದಲ್ಲಿ ಎರಡನ್ನೂ ಮನೆಬಾಗಿಲಿಗೆ ತಂದು ನಿಲ್ಲಿಸಿದರು.

ಕರೆಂಟಿನ ಕಾರು ಬಂದ ದಿನ ಯಜಮಾನಿ ವೆಂಕಟರತ್ನಮ್ಮ ಜಗಲಿಯ ಮೇಲೆ ಕೂತಿದ್ದರು. ಅವರ ಎರಡು ಮಂಡಿಯೂ ಸವೆದಿವೆ. ಮುರಳಿ ಬಾಗಿಲು ತೆಗೆದ ಕೂಡಲೇ ಕಾರು ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ತಾನಾಗಿ ನಾಲ್ಕು ಬೆರಳು ತಗ್ಗಿತು. ರತ್ನಮ್ಮ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ ಕೂತರು.

"ನೋಡೋ ಬಯ್ಯಪ್ಪ, ನಂಗೋಸ್ಕರ ಬಗ್ತು ಕಣೋ ಇದು," ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಹಾಗೆ ನಕ್ಕದ್ದು. ಬಯ್ಯಪ್ಪನಿಗೂ ಸಂತೋಷವಾಯಿತು, ಸುಳ್ಳು ಹೇಳಬಾರದು. ಆದರೆ ಮುರಳಿ ಮುಂದಿನ ಮಾತು ಆಡಿದ.

"ಇದಕ್ಕೆ ಡ್ರೈವರ್ರೇ ಬೇಕಾಗಿಲ್ಲಮ್ಮ. ತಾನೇ ನೋಡುತ್ತೆ, ತಾನೇ ಬ್ರೇಕ್ ಹಾಕುತ್ತೆ. ನಾನೇ ಓಡಿಸ್ತೀನಿ. ಬಯ್ಯಪ್ಪಣ್ಣನಿಗೂ ವಯಸ್ಸಾಯ್ತು, ತೋಟದ ಗೇಟ್ ಹತ್ರ ನೆರಳಲ್ಲಿ ಕೂತಿರಲಿ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಒಳ್ಳೇ ಮನಸ್ಸಿನಿಂದ ಆಡಿದ್ದಕ್ಕೇ ಅದಕ್ಕೆ ಎದುರು ಹೇಳುವ ದಾರಿ ಇರಲಿಲ್ಲ. ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೈಯಲ್ಲಿ ದೊಣ್ಣೆ ಹಿಡಿದು ಕೂತ ತನ್ನನ್ನು ತಾನೇ ಕಂಡು ಬಯ್ಯಪ್ಪ ಆ ಕಾರಿನಿಂದ ಎರಡು ಹೆಜ್ಜೆ ಹಿಂದೆ ಸರಿದ.

ಎರಡು ದಿನ ಬಿಟ್ಟು ಡೀಸೆಲ್ ಗಾಡಿ ಬಂತು. ವೆಂಕಟರಾಮಪ್ಪನವರು ಅದನ್ನು ಊರ ಪಕ್ಕದ ಗುಡ್ಡ, ತಿಮ್ಮರಾಯಸ್ವಾಮಿ ಗುಟ್ಟದ ಕೊರಕಲು ದಾರಿಗೆ ಹತ್ತಿಸಿದರು. ಹತ್ತಿಸಿದರು ಎಂದರೆ, ಪಕ್ಕದಲ್ಲಿ ಕೂತು ಹತ್ತಿಸು ಎಂದರು. ಓಡಿಸಿದವನು ಬಯ್ಯಪ್ಪ. ಇಳಿದ ಮೇಲೆ ಯಜಮಾನರು ಮೀಸೆ ತಿರುವಿಕೊಂಡು, "ಇದನ್ನ ಆಡಿಸ್ಬೇಕಾದ್ರೆ ಬಯ್ಯಪ್ಪನ ಕೈಯೇ ಆಗ್ಬೇಕು," ಎಂದರು. ಅಷ್ಟು ಸಾಕಾಯಿತು. ಯಾವ ಕಾರು ಬಂದರೆ ತಾನು ಉಳಿಯುತ್ತೇನೆ, ಯಾವುದು ಬಂದರೆ ಗೇಟಿಗೆ ಹೋಗುತ್ತೇನೆ ಎಂಬುದು ಬಯ್ಯಪ್ಪನಿಗೆ ಸ್ಪಷ್ಟವಾಯಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಅಪ್ಪ ಮಗನ ಜಗಳದಲ್ಲಿ ಡ್ರೈವರ್ ಬಡವಾಗುತ್ತಾನೆ ಅಂತಲೂ ಒಂದು ಗಾದೆ ಇರಬೇಕಿತ್ತು. "ಚಾರ್ಜು ಮುಗಿದ್ರೆ ಚಿಂತಾಮಣಿ ರಸ್ತೇಲಿ ಎತ್ತು ಕಟ್ಟಿ ಎಳೆಸ್ತೀಯಾ?" ಎಂದು ಅಪ್ಪ. "ಶೆಡ್ ಮೇಲೆ ಸೋಲಾರ್ ಇದೆ, ಮನೇಲೇ ಚಾರ್ಜ್ ಆಗುತ್ತೆ. ಅಮ್ಮನ ಮಂಡಿ ನೋಡಪ್ಪ," ಎಂದು ಮಗ. ಹದಿನೈದು ದಿನ ಊಟದ ಹೊತ್ತಿಗೆ ಇದೇ ಸಾರು, ಇದೇ ಮುದ್ದೆ. ಕೊನೆಗೆ ರತ್ನಮ್ಮನೇ ಬೇಸತ್ತು, "ಸ್ವಾಮಿ ಹತ್ರ ಹೂ ಕೇಳಿಬಿಡಣ," ಎಂದರು.

ಆ ಮನೆಯಲ್ಲಿ ಹೆಣ್ಣು ಗಂಡಿನ ಸಂಬಂಧದಿಂದ ಹಿಡಿದು ಬೋರ್‌ವೆಲ್ಲಿನ ಜಾಗದವರೆಗೆ ಎಲ್ಲವನ್ನೂ ಗುಟ್ಟದ ತಿಮ್ಮರಾಯಸ್ವಾಮಿಯೇ ತೀರ್ಮಾನಿಸಿದ್ದು. ಪೂಜಾರಿ ಕೋನಪ್ಪ ಎರಡು ಹೂವನ್ನು ನೀರಲ್ಲಿ ಅದ್ದಿ ಸ್ವಾಮಿಯ ಎರಡು ಭುಜಕ್ಕೂ ಅಂಟಿಸುತ್ತಾನೆ. ಮೊದಲು ಯಾವುದು ಬೀಳುತ್ತದೋ ಅದೇ ಅಪ್ಪಣೆ. ಬಲಕ್ಕೆ ಯಾವುದು, ಎಡಕ್ಕೆ ಯಾವುದು ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳುವಂತಿಲ್ಲ. ಒಬ್ಬರು ಮನಸ್ಸಿನಲ್ಲಿ ಹಿಡಿದುಕೊಂಡು, ಹೂವು ಬಿದ್ದ ಮೇಲೆ ಹೇಳಬೇಕು.

ಯಾರು ಹಿಡಿಯುವುದು? ಅಪ್ಪ ಹಿಡಿದರೆ ಯಾವ ಕಡೆ ಬಿದ್ದರೂ ಡೀಸೆಲ್ಲೇ ಎಂದು ಮಗ ಅಂದ. ನೀನು ಹಿಡಿದರೆ ಎರಡು ಕಡೆಯೂ ಕರೆಂಟೇ ಎಂದು ಅಪ್ಪ ಅಂದರು. ರತ್ನಮ್ಮ ತಾವು ಹಿಡಿಯುವುದಿಲ್ಲ ಎಂದರು, ಗಂಡ ಮಗ ಇಬ್ಬರಲ್ಲಿ ಒಬ್ಬರ ಮುನಿಸು ತಪ್ಪಿದ್ದಲ್ಲ.

"ಬಯ್ಯಪ್ಪ ಹಿಡೀಲಿ," ಎಂದರು. "ಅವನು ಸುಳ್ಳು ಹೇಳಿದ್ದು ನಾನಂತೂ ಕಾಣೆ."

ಶನಿವಾರ ಬೆಳಿಗ್ಗೆ ಗುಡಿಯಲ್ಲಿ ಬಯ್ಯಪ್ಪ ಕೈಮುಗಿದು ನಿಂತ. ಬಲಕ್ಕೆ ಡೀಸೆಲ್, ಎಡಕ್ಕೆ ಕರೆಂಟು ಎಂದು ಹಿಡಿದ. ತನಗೆ ಬೇಕಾದದ್ದನ್ನು ಬಲಕ್ಕೆ ಇಡುವುದು ಮನುಷ್ಯನ ಗುಣ, ಅದರಲ್ಲಿ ತಪ್ಪೇನಿಲ್ಲ. ಬಲಗಡೆ ಕೊಡಪ್ಪಾ ಎಂದು ಬೇಡಿಕೊಂಡ. ಕೋನಪ್ಪ ಗಂಟೆ ಬಾರಿಸುತ್ತಿದ್ದ. ಎಡಗಡೆಯ ಹೂವು ಜಾರಿ ಸ್ವಾಮಿಯ ಪಾದದ ಮೇಲೆ ಬಿತ್ತು.

"ಎಡಗಡೆ ಕೊಟ್ಟ. ಎಡಕ್ಕೆ ಏನು ಹಿಡ್ದಿದ್ದೆ, ಬಯ್ಯಪ್ಪ?" ಎಂದು ಯಜಮಾನರು ಕೇಳಿದರು.

ಬಯ್ಯಪ್ಪನ ಕಣ್ಣಿಗೆ ಕಂಡದ್ದು ಆ ಪ್ಲಾಸ್ಟಿಕ್ ಕುರ್ಚಿ. ಬಾಯಿ ಅವನನ್ನು ಕೇಳಲೇ ಇಲ್ಲ.

"ಡೀಸೆಲ್ಲು, ಯಜಮಾನ್ರೇ."

ದೇವರು ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂಬ ಮಾತಿದೆ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ಕೊಡದೆ ಹೋದವನು ಡ್ರೈವರ್. ಮುರಳಿ ಈಗ ತಕರಾರು ತೆಗೆಯುತ್ತಾನೆ ಎಂದು ಬಯ್ಯಪ್ಪ ಬೆವರುತ್ತಾ ನಿಂತ. ತಕರಾರು ತೆಗೆದಿದ್ದರೆ ಅಲ್ಲೇ ಕಾಲಿಗೆ ಬಿದ್ದು ನಿಜ ಹೇಳಿಬಿಡುತ್ತಿದ್ದನೋ ಏನೋ. ಆದರೆ ಮುರಳಿ ಅವನ ಮುಖ ನೋಡಿ ತಲೆದೂಗಿದ.

"ಡೀಸೆಲ್ ಬಂದ್ರೆ ನಿನ್ನ ಕೆಲಸ ಉಳಿಯೋದು. ಆದ್ರೂ ಅದನ್ನ ಎಡಕ್ಕೆ ಇಟ್ಟೆಯಲ್ಲ ಬಯ್ಯಪ್ಪಣ್ಣ, ನಾನಾಗಿದ್ರೆ ಬಲಕ್ಕೇ ಇಡ್ತಿದ್ದೆ. ಪೋನೀಲೇ, ಹೋಗ್ಲಿ ಬಿಡು, ಇನ್ನು ನಾನು ಮಾತಾಡಲ್ಲ."

ಹೀಗೆ ಅವನ ಸುಳ್ಳೇ ಅವನ ಸತ್ಯಕ್ಕೆ ಸಾಕ್ಷಿ ಹೇಳಿತು. ಕೋನಪ್ಪ ಆ ಹೂವನ್ನು ಪ್ರಸಾದವೆಂದು ಅವನ ಕಿವಿಗೇ ಮುಡಿಸಿದ. ಹತ್ತೂರಿಗೆ ಕಥೆ ಹಬ್ಬಿತು, ತನ್ನ ಅನ್ನಕ್ಕೂ ನೋಡದೆ ದೇವರ ಮುಂದೆ ನ್ಯಾಯವಾಗಿ ನಡೆದುಕೊಂಡ ಡ್ರೈವರ್ ಎಂದು. ಚಹಾ ಅಂಗಡಿಯಲ್ಲಿ ಯಾರಾದರೂ 'ನಿಯತ್ತು' ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಬಯ್ಯಪ್ಪ ಹೆಗಲು ಮುಟ್ಟಿಕೊಳ್ಳುತ್ತಿದ್ದ.

ಡೀಸೆಲ್ ಗಾಡಿ ಬಂತು. ರತ್ನಮ್ಮನಿಗೆ ಅದರ ಮೆಟ್ಟಿಲು ಎಟುಕಲಿಲ್ಲ. ಬಯ್ಯಪ್ಪ ತಾನೇ ನಿಂತು ಬಡಗಿಯ ಹತ್ತಿರ ಒಂದು ಮರದ ಮಣೆ ಮಾಡಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡ. ಎಲ್ಲಿಗೆ ಹೋದರೂ ಮೊದಲು ಮಣೆ ಇಳಿಸಬೇಕು, ಅವರ ಮೊಣಕೈ ಹಿಡಿಯಬೇಕು. ಅವರು ಹಲ್ಲು ಕಚ್ಚಿ ಒಂದು ಕಾಲು ಎತ್ತುತ್ತಾರೆ, ಅಲ್ಲೇ ನಿಂತು ಉಸಿರು ತೆಗೆದುಕೊಂಡು ಇನ್ನೊಂದು ಎತ್ತುತ್ತಾರೆ. ಪ್ರತಿ ಸಲವೂ ಹೇಳುವುದು ಒಂದೇ ಮಾತು.

"ಸ್ವಾಮಿ ಕೊಟ್ಟಿದ್ದು ಕಣಪ್ಪ. ಬೇಡ ಅನ್ನಕ್ಕಾಗತ್ತಾ?"

ಬಯ್ಯಪ್ಪನ ಬಾಯಿಗೆ ಬಿಸಿ ತುಪ್ಪ ಬಿದ್ದಿತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಸಂಕ್ರಾಂತಿ ಕಳೆಯುವ ಹೊತ್ತಿಗೆ ರತ್ನಮ್ಮ ತವರಿಗೆ ಹೋಗುವುದನ್ನು ಬಿಟ್ಟರು. ಶಿವರಾತ್ರಿಯ ಹೊತ್ತಿಗೆ ಮದುವೆ ಮನೆಗಳನ್ನೂ ಬಿಟ್ಟರು. ಗಾಡಿಗೆ ಹತ್ತಿ ಇಳಿಯುವುದನ್ನು ನೆನೆಸಿಕೊಂಡರೇ ಭಯ ಎಂದರು. ಹೇಳಿಬಿಡೋಣ ಎಂದು ಬಯ್ಯಪ್ಪ ಎಷ್ಟು ಸಲ 'ಅಮ್ಮಾ' ಎಂದು ಬಾಯಿ ತೆರೆದನೋ. ಏನೋ ಎಂದು ಅವರು ಅಕ್ಕರೆಯಿಂದ ತಿರುಗಿ ನೋಡುತ್ತಿದ್ದರು. ಮಣೆ ಅಲ್ಲಾಡ್ತಾ ಇದೆಯಾ ಅಂತ ಕೇಳ್ದೆ ಎಂದು ಅವನು ತಲೆ ತಗ್ಗಿಸುತ್ತಿದ್ದ.

ಯುಗಾದಿ ಕಳೆದ ಮೇಲೆ ಚಿಕ್ಕಬಳ್ಳಾಪುರದ ಡಾಕ್ಟರು ಎರಡು ಮಂಡಿಗೂ ಆಪರೇಷನ್ ಆಗಬೇಕೆಂದರು. ಸಕ್ಕರೆ ಕಾಯಿಲೆ ಇದೆ, ಹೃದಯವೂ ಅಷ್ಟಕ್ಕಷ್ಟೆ, ಅಪಾಯ ಇಲ್ಲವೆಂದು ಹೇಳಲಾರೆ ಎಂದೂ ಅಂದರು. ಮಾಡಿಸೋಣ ಎಂದು ಮುರಳಿ, ಬೇಡವೇ ಬೇಡ ಎಂದು ವೆಂಕಟರಾಮಪ್ಪನವರು. ಮತ್ತೆ ಅದೇ ಊಟದ ಹೊತ್ತು, ಅದೇ ಜಗಳ. ರತ್ನಮ್ಮ ಬಯ್ಯಪ್ಪನನ್ನು ಕರೆದರು.

"ಶನಿವಾರ ಗುಟ್ಟಕ್ಕೆ ಹೋಗಣ. ನೀನೇ ಹಿಡ್ಕೊಳ್ಳೋ. ಇವರಿಬ್ಬರ ಮೇಲೂ ನಂಗೆ ನಂಬಿಕೆ ಇಲ್ಲ, ನಿನ್ನ ಮೇಲಿದೆ."

"ಬ್ಯಾಡಮ್ಮ, ನನ್ನ ಕೈಲಿ ಆಗಲ್ಲ," ಎಂದ ಬಯ್ಯಪ್ಪ.

"ಆಗಲ್ಲ ಅನ್ನೋನ ಕೈಲೇ ಆಗೋದು ಕಣಪ್ಪ," ಎಂದು ಅವರು ಮಾತು ಮುಗಿಸಿದರು.

ಶನಿವಾರ ಗುಡಿಯ ಮೆಟ್ಟಿಲ ಬುಡದವರೆಗೂ ಗಾಡಿ ಹೋಯಿತು. ಇಳಿಯಲು ರತ್ನಮ್ಮನಿಗೆ ಆಗಲಿಲ್ಲ. ಗಂಡ ಮಗ ಇಬ್ಬರನ್ನೂ ಪಕ್ಕದಲ್ಲೇ ಕೂರಿಸಿಕೊಂಡು, ನೀನೊಬ್ಬನೇ ಹೋಗಿ ಕೇಳಿಕೊಂಡು ಬಾ ಎಂದರು. ಬಯ್ಯಪ್ಪ ಹನ್ನೆರಡು ಮೆಟ್ಟಿಲು ಹತ್ತಿದ. ಕೋನಪ್ಪ ಹೂವು ಅಂಟಿಸಿ, "ಹಿಡ್ಕೊಂಡ್ಯಾ?" ಎಂದ. ಬಯ್ಯಪ್ಪ ಕಣ್ಣು ಮುಚ್ಚಿದ. ಬಲಕ್ಕೆ ಆಪರೇಷನ್ ಮಾಡಿಸೋದು ಎಂದುಕೊಳ್ಳಲು ಹೋದರೆ ರತ್ನಮ್ಮನ ಎದೆ ನಿಂತುಹೋದ ಹಾಗೆ ಕಂಡಿತು. ಬಲಕ್ಕೆ ಬೇಡ ಅನ್ನೋದು ಎಂದುಕೊಳ್ಳಲು ಹೋದರೆ ಅವರು ಸಾಯುವವರೆಗೂ ಆ ಮಣೆ ಹತ್ತುವುದು ಕಂಡಿತು. ಹೋದ ಸಲ ನೀನು ಹೇಳಿದ್ದನ್ನು ನಾನು ಹೇಳಲಿಲ್ಲ, ಈಗ ಯಾವ ಬಾಯಲ್ಲಿ ಕೇಳಲಿ ಸ್ವಾಮಿ ಎಂದು ಅಳುತ್ತಾ ನಿಂತ. ಯಾವ ಕಡೆಗೂ ಏನನ್ನೂ ಹಿಡಿಯಲಿಲ್ಲ. ಗಂಟೆ ನಿಂತಾಗ ಕಣ್ಣು ಬಿಟ್ಟರೆ ಬಲಗಡೆಯ ಹೂವು ಬಿದ್ದಾಗಿತ್ತು.

ಹೂವನ್ನು ಎಲೆಯಲ್ಲಿ ಹಿಡಿದುಕೊಂಡು ಅವನು ಕೆಳಗಿಳಿದ. ಗಾಡಿಯ ಎತ್ತರದ ಸೀಟಿನಿಂದ ಮೂರು ಮುಖಗಳು ಅವನನ್ನೇ ನೋಡುತ್ತಿದ್ದವು.

"ಯಾವ ಕಡೆ ಕೊಟ್ಟನೋ?" ಎಂದು ರತ್ನಮ್ಮ ಕೇಳಿದರು.

"ಬಲಗಡೆ, ಅಮ್ಮ."

ಅವರು ಹೂವನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ನಗುನಗುತ್ತಲೇ ಕೇಳಿದರು.

"ಬಲಕ್ಕೆ ಏನಂತ ಹಿಡ್ದಿದ್ದೆ, ಹೇಳಪ್ಪ."