ಮಾಜಿ ಸೈನಿಕರ ಕೊಠಡಿಯಲ್ಲಿ ಅನ್ಯಗ್ರಹ

ಸೈನ್ಯದಿಂದ ಬಂದವನನ್ನು ಕಂಡರೆ ನಮ್ಮ ಕಡೆಯವರಿಗೆ ಎರಡೇ ಪ್ರಶ್ನೆ. ಕ್ಯಾಂಟೀನ್ ಕಾರ್ಡ್ ಇದೆಯಾ, ಎಷ್ಟು ಜನರನ್ನು ಹೊಡೆದಿರಿ. ನಾನು ಸಿಗ್ನಲ್ಸ್‌ನಲ್ಲಿದ್ದವನು. ರೇಡಿಯೋ ಸೆಟ್ಟು ಹೊತ್ತೆ, ತಂತಿ ಎಳೆದೆ, ಮಿಕ್ಕ ಹೊತ್ತಿನಲ್ಲಿ ರಾಕೆಟ್ಟಿನ ಕಥೆ ಓದಿದೆ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆಗಲಿ, ನನಗೇನು.

ಆ ಹುಚ್ಚು ಹತ್ತಿದ್ದು ಬೆಟ್ಟದ ಮೇಲಿನ ಒಂದು ಪೋಸ್ಟಿನಲ್ಲಿ, ಯಾರೋ ಬಿಟ್ಟುಹೋದ ರಟ್ಟಿಲ್ಲದ ಇಂಗ್ಲಿಷ್ ಪುಸ್ತಕದಿಂದ. ಹಿಮ ಬಿದ್ದು ದಾರಿ ಮುಚ್ಚಿತ್ತು. ನಕ್ಷತ್ರಗಳ ನಡುವೆ ಸಿಕ್ಕಿಕೊಂಡವರ ಪಾಡು ನನಗೆ ಕಟ್ಟುಕಥೆ ಅನ್ನಿಸಲೇ ಇಲ್ಲ. ನಿವೃತ್ತನಾಗಿ ನಂಜನಗೂಡಿಗೆ ಬಂದು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆದೆ. ಅಲ್ಲಿನ ಲ್ಯಾಬಿನ ಹೆಣ್ಣುಮಗಳೊಬ್ಬಳು ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅಂಥದೇ ಕಥೆ ಓದುತ್ತಿದ್ದುದನ್ನು ಕಂಡೆ. ದೂರದ ಪೋಸ್ಟಿಂಗಿನಲ್ಲಿ ಕನ್ನಡದವನು ಸಿಕ್ಕಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಆಮೇಲೆ ತಿ. ನರಸೀಪುರದ ನಿವೃತ್ತ ವಿಜ್ಞಾನ ಮೇಷ್ಟ್ರು ಸೇರಿದರು, ಇನ್ನೂ ಮೂರ್ನಾಲ್ಕು ಜನ ಬಂದರು. ವಾಟ್ಸಾಪಿನಲ್ಲಿ ಜಗಳ, ವರ್ಷಕ್ಕೊಮ್ಮೆ ಜೆರಾಕ್ಸ್ ಪತ್ರಿಕೆ, ತಿಂಗಳ ಕೊನೆಯ ಭಾನುವಾರ ಕೂಟ. "ರಿಟೈರ್ ಆದ್ರೂ ನಿಮ್ಗೆ ಇನ್ನೊಂದ್ ಗ್ರಹದ ಪೋಸ್ಟಿಂಗ್ ಬೇಕೇನ್ರೀ?" ಎಂದು ಹೆಂಡತಿ ಕೇಳುತ್ತಾಳೆ. ಕೇಳಿ ಫ್ಲಾಸ್ಕಿಗೆ ಟೀ ತುಂಬಿಸಿಯೂ ಕೊಡುತ್ತಾಳೆ.

ಕೂಟಕ್ಕೆ ಒಂದೇ ಕಟ್ಟಳೆ. ಬರೆದವರೇ ಕಥೆಯನ್ನು ಗಟ್ಟಿಯಾಗಿ ಓದಬೇಕು. ಕಥೆಯಲ್ಲಿ ಆಗಲಾರದ್ದು ನಡೆದರೆ ಕೇಳುವವರು "ತಡೀರಿ" ಎಂದು ಕೈಯೆತ್ತಬೇಕು, ಲೆಕ್ಕ ಒಪ್ಪುವವರೆಗೆ ಕಥೆ ಮುಂದಕ್ಕೆ ಹೋಗುವಂತಿಲ್ಲ. ನನ್ನ ಮೊದಲ ಕಥೆಯನ್ನು ಮೇಷ್ಟ್ರು ಎರಡನೇ ಸಾಲಿನಲ್ಲೇ ಮಲಗಿಸಿದ್ದರು. ಗಾಳಿಯೇ ಇಲ್ಲದ ಕಡೆ ನಾನು ಬಾವುಟವನ್ನು ಪಟಪಟ ಹಾರಿಸಿದ್ದೆ. ಸೈನಿಕನ ಬುದ್ಧಿ, ಬಾವುಟ ಅಂದ ಮೇಲೆ ಹಾರಲೇಬೇಕು.

ನಾವು ಕೂರುತ್ತಿದ್ದುದು ಮಾಜಿ ಸೈನಿಕರ ಸಂಘದ ಕೊಠಡಿಯಲ್ಲಿ. ಕಳೆದ ವರ್ಷ ಸಂಘಕ್ಕೆ ಹೊಸ ಅಧ್ಯಕ್ಷರು ಬಂದರು. ಹುಲ್ಲಹಳ್ಳಿ ಕಡೆಯ ನಿವೃತ್ತ ಸುಬೇದಾರರು, ಈಗ ಭತ್ತ ಬೆಳೆಯುತ್ತಾರೆ, ಮಾತು ಕಡಿಮೆ. ನನ್ನನ್ನು ಕರೆಸಿ ಹೇಳಿದರು:

"ನೋಡಿ, ಗ್ವಾಡೆ ಮ್ಯಾಲೆ ಸತ್ತೋರ್ ಫೋಟೋ ಅವೆ. ಅದ್ರ ಕೆಳ್ಗೆ ಕುಂತ್ಕಂಡು ರಾಕೆಟ್ಟು ಗೀಕೆಟ್ಟು ಅಂತ ಬೊಗಳೆ ಬುಡೋದು ನಂಗೆ ಸರಿ ಕಾಣ್ನಿಲ್ಲ. ಈ ಭಾನ್ವಾರ ನಾನೂ ಬಂದು ಕೇಳ್ತೀನಿ. ಇಡಿಸ್ನಿಲ್ಲ ಅಂದ್ರೆ ರೂಮ್ ಇಲ್ಲ."

ಬೇರೆ ಜಾಗವಿರಲಿಲ್ಲ. ಹೋಟೆಲಿನಲ್ಲಿ ಕಾಫಿ ಮುಗಿದ ಕೂಡಲೇ ಎಬ್ಬಿಸುತ್ತಾರೆ. ಕೂಟ ಹೋದರೆ ನನಗೆ ಉಳಿಯುವುದು ಗೇಟು, ಪಾಸು, ಸಲಾಮು. ಹೆದರಿದ್ದೆ, ಮುಚ್ಚಿಟ್ಟು ಏನು ಪ್ರಯೋಜನ.

ಆ ಭಾನುವಾರ ಓದುವ ಸರದಿ ಲ್ಯಾಬಿನ ಹೆಣ್ಣುಮಗಳದು. ಇಬ್ಬರು ಚಂದ್ರನ ಮೇಲೆ ಇಳಿದಿದ್ದಾರೆ. ನೌಕೆಯ ಟ್ಯಾಂಕು ಸೋರುತ್ತದೆ, ಒಬ್ಬ ಸಾಯುತ್ತಾನೆ. ಉಳಿದ ಇಂಧನ ಒಬ್ಬನ ತೂಕ ಎತ್ತುವುದಕ್ಕಷ್ಟೇ ಸಾಕು. ಬದುಕಿದವನು ಗೆಳೆಯನ ಹೆಣವನ್ನು ಅಲ್ಲೇ ಮಲಗಿಸಿ ಏಣಿ ಹತ್ತುತ್ತಾನೆ.

"ತಡೀರಿ," ಅಂದರು ಸುಬೇದಾರರು. ಕಟ್ಟಳೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. "ಅಂಗೆಲ್ಲ ಬುಟ್ಬುಟ್ಟು ಬರಕಿಲ್ಲ ಕಣವ್ವ. ಫೌಜಲ್ಲಿ ನಮ್ಮೋರ್ನ ಬುಟ್ಟು ಬರಕಿಲ್ಲ."

"ಇಂಧನ ಸಾಲಲ್ಲ ಸಾ."

"ಸೀಟ್ ಕಿತ್ತಾಕ್ಸು."

"ಕಿತ್ತು ಹಾಕಿದ್ದಾನೆ. ಹಿಂದಿನ ಪುಟದಲ್ಲೇ."

"ರೇಡಿಯೋ?"

"ಅದನ್ನೂ."

ಊಟ, ನೀರು, ಕ್ಯಾಮೆರಾ, ಕಲ್ಲುಮಣ್ಣಿನ ಚೀಲ, ಒಂದೊಂದಾಗಿ ಕೇಳುತ್ತಾ ಹೋದರು. ಅವಳು ಎಲ್ಲವನ್ನೂ ಮೊದಲೇ ಎಸೆಯಿಸಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಕೂಡಿ ಕಳೆದು ತೋರಿಸಿದರು. ಎಷ್ಟು ಕಳೆದರೂ ಒಬ್ಬ ಮನುಷ್ಯನ ತೂಕ ಮಿಗುತ್ತಿತ್ತು. ಸುಬೇದಾರರ ಮುಖ ಕೆಂಪಗಾಯಿತು. ರೂಮು ಕೈಬಿಟ್ಟಿತು ಅಂದುಕೊಂಡೆ. ನಾನು ಅವಳ ಕಡೆ ಬಗ್ಗಿ, "ಟ್ಯಾಂಕು ಸ್ವಲ್ಪ ಕಮ್ಮಿ ಸೋರಿಸಮ್ಮ, ನಿನ್ನ ಕಥೆ ತಾನೆ? ಏನು ಗಂಟು ಹೋಗುತ್ತೆ?" ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ತಲೆ ತಗ್ಗಿಸಬೇಕಾಯಿತು. ಲೆಕ್ಕ ತಪ್ಪಿಸಬಾರದು ಎಂದು ಅವಳಿಗೆ ಕಲಿಸಿದವನು ನಾನೇ.

"ಬ್ಯಾಡ," ಅಂದರು ಸುಬೇದಾರರು. ನನ್ನ ಮಾತು ಅವರಿಗೂ ಕೇಳಿಸಿತ್ತು. "ಬದ್ಲಾಯಿಸ್ಬ್ಯಾಡ ಕಣವ್ವ. ಅಂಗೇ ಇರ್ಲಿ. ನಾವೂ ಬುಟ್ಟೇ ಬಂದೊ."

ಯಾರನ್ನು ಎಂದು ಅವರೇ ಹೇಳಿದರು. ಹಿಮದ ಬಿರುಕಿಗೆ ಬಿದ್ದ ಹುಡುಗ, ಇಲ್ಲೇ ಹೆಡತಲೆ ಊರಿನ ಪಕ್ಕದ ಹಳ್ಳಿಯವನು. ಹಗ್ಗ ಸಾಲಲಿಲ್ಲ, ಬಿರುಗಾಳಿ ಬರುತ್ತಿತ್ತು, ಮೇಲೆ ಇನ್ನೂ ಆರು ಜನರಿದ್ದರು. ಬೆಟ್ಟ ಇಳಿಯೋಣ ಎಂದು ಹುಕುಂ ಕೊಟ್ಟವರು ಅವರೇ. ಮೇಷ್ಟ್ರು ಬೋರ್ಡಿಗೆ ಮುಖ ಮಾಡಿಯೇ ನಿಂತಿದ್ದರು.

"ಓದವ್ವ, ಮುಂದ್ಕೋಗು," ಅಂದರು ಸುಬೇದಾರರು.

ಅವಳು ಓದಿದಳು. ನೌಕೆ ಮೇಲೇರುತ್ತದೆ, ಕೊನೆಗೆ ಸಮುದ್ರದಲ್ಲಿ ಇಳಿಯುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಸುಬೇದಾರರು ಮತ್ತೆ ಕೈಯೆತ್ತಿದರು.

"ಇಳ್ದ. ಸರಿ. ಆಮ್ಯಾಕೆ ಆ ಸತ್ತೋನ ಅವ್ವ ಇರ್ತಾಳಲ್ಲ, ಅವ್ಳ ಮುಂದ್ಕೆ ಓಗಿ ಏನಂದ? ಅದ್ನ ಬರ್ದೇ ಇಲ್ವಲ್ಲ."

"ಅದು ನನಗೆ ತೋಚಲಿಲ್ಲ ಸಾ."

"ಬರಿ. ಬರ್ಕಂಡ್ ಬಂದು ಮುಂದಿನ್ ತಿಂಗ್ಳು ಇಲ್ಲೇ ಓದು, ನಾನೂ ಬತ್ತೀನಿ," ಅಂದರು. ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, "ನಾನ್ ಓಗಿದ್ದೆ. ಆ ಹುಡ್ಗನ ಮನೆ ಬಾಗ್ಲತಂಕ ಓಗಿ ವಾಪಸ್ ಬಂದ್ಬುಟ್ಟೆ," ಅಂದರು.